ಕೂಸು ಒಬ್ಬರ ಕೈಯಲ್ಲಿ, ತರಬೇತಿ ಇನ್ನೊಬ್ಬರಿಗೆ

ನರೇಗಾ ಜಾಗಕ್ಕೆ ಹೊಸ ಉದ್ಯೋಗ ಕಾಯ್ದೆ ಬಂದ ಮೇಲೆ ಕೂಲಿಯ ದಿನ ಎಷ್ಟು, ದುಡ್ಡು ಯಾರ ಬೊಕ್ಕಸದ್ದು ಎಂಬ ಚರ್ಚೆ ಸಾಕಷ್ಟು ಆಗಿದೆ. ಆ ಗದ್ದಲದಲ್ಲಿ ಒಂದು ಚಿಕ್ಕ ಪ್ರಶ್ನೆ ಯಾರ ಕಿವಿಗೂ ಬೀಳದೆ ಉಳಿದಿದೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳು ತೆರೆದ ‘ಕೂಸಿನ ಮನೆ’ಗಳಲ್ಲಿ ಇನ್ನು ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಮಗುವಿನ ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡರೆ, ಕಾಲಿಗೆ ಚೇಳು ಕುಟುಕಿದರೆ ಏನು ಮಾಡಬೇಕೆಂದು ಅವರಿಗೆ ಹೇಳಿಕೊಡುವವರು ಯಾರು? ಕಲಬುರಗಿ, ಬೀದರ್, ಯಾದಗಿರಿಯಂಥ ಜಿಲ್ಲೆಗಳಲ್ಲಿ ಇದು ಮೇಲ್ನೋಟಕ್ಕೆ ಕಾಣುವಷ್ಟು ಚಿಕ್ಕ ಪ್ರಶ್ನೆಯಲ್ಲ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೇ ಇಲ್ಲ ಎಂಬುದು ಕೆಲವರ ದೂರು. ಯಾವ ತರಬೇತಿಯೂ ಇಲ್ಲದೆ ನಮ್ಮ ಅಜ್ಜಿಯರು ಮನೆ ತುಂಬ ಮಕ್ಕಳನ್ನು ಸಾಕಲಿಲ್ಲವೇ ಎಂಬುದು ಉಳಿದವರ ಉತ್ತರ. ಎರಡೂ ಮಾತು ಅಸಲು ತೊಡಕನ್ನು ಮುಟ್ಟುವುದಿಲ್ಲ. ಸುರಕ್ಷತೆಯ ತರಬೇತಿ ಹೋಗಿ ಸೇರುತ್ತಿರುವುದು ಒಂದು ಕಡೆ, ಮಗು ಹಗಲೆಲ್ಲ ಇರುವುದು ಇನ್ನೊಂದು ಕಡೆ. ಹೊಸ ಕಾಯ್ದೆ ಈ ಅಂತರವನ್ನು ಹುಟ್ಟಿಸಿದ್ದಲ್ಲ, ಆದರೆ ಅಗಲಿಸುವ ಸಾಧ್ಯತೆ ಇದೆ.

ಗೊಂದಲದ ಬೇರು

ನರೇಗಾ ಕಾಯ್ದೆಯ ಅನುಸೂಚಿಯಲ್ಲಿ ಒಂದು ಸಾಲು ಇತ್ತು. ಕಾಮಗಾರಿಯ ಸ್ಥಳಕ್ಕೆ ತಾಯಂದಿರ ಜೊತೆ ಐದು ಅಥವಾ ಅದಕ್ಕಿಂತ ಹೆಚ್ಚು ಚಿಕ್ಕ ಮಕ್ಕಳು ಬಂದರೆ, ಕೂಲಿಗೆ ಬಂದ ಮಹಿಳೆಯರಲ್ಲೇ ಒಬ್ಬರನ್ನು ಆ ಮಕ್ಕಳನ್ನು ನೋಡಿಕೊಳ್ಳಲು ನೇಮಿಸಿ, ಅವರಿಗೂ ಕೂಲಿ ಕೊಡಬೇಕು ಎಂದು. ನೆರಳಿಗೆ ಒಂದು ಬೇವಿನ ಮರ, ಅದಕ್ಕೆ ಕಟ್ಟಿದ ಸೀರೆಯ ಜೋಳಿಗೆ, ಪಕ್ಕದಲ್ಲಿ ನೀರಿನ ಕೊಡ: ಆ ಸಾಲು ಹೊಲದಲ್ಲಿ ಕಾಣಿಸುತ್ತಿದ್ದುದು ಬಹುಮಟ್ಟಿಗೆ ಹೀಗೆ. 2023–24ರ ರಾಜ್ಯ ಬಜೆಟ್ ಈ ಕೆಲಸವನ್ನು ಮರದ ಕೆಳಗಿನಿಂದ ಕಟ್ಟಡದೊಳಕ್ಕೆ ತಂದಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಿತು. ಅವೇ ಕೂಸಿನ ಮನೆಗಳು.

ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ‘ಆರೈಕೆದಾರರು’ ಎಂದು ಹೆಸರು. ಉದ್ಯೋಗ ಚೀಟಿ ಇರುವ ಊರಿನ ಮಹಿಳೆಯರನ್ನೇ ಆರಿಸಿ, ಕೆಲವು ದಿನಗಳ ತರಬೇತಿ ಕೊಟ್ಟು, ಸರದಿಯ ಮೇಲೆ ಕೆಲಸಕ್ಕೆ ಹಚ್ಚುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಉದ್ಯೋಗ ಯೋಜನೆಯ ದಿನಗೂಲಿ. ಕರ್ನಾಟಕದಲ್ಲಿ 2025–26ರ ಲೆಕ್ಕಕ್ಕೆ ಅದು ದಿನಕ್ಕೆ 370 ರೂಪಾಯಿ. ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ ಎಂಬ ಮಿತಿ ಇದ್ದದ್ದರಿಂದ ಒಬ್ಬಾಕೆಯ ದಿನಗಳು ಮುಗಿದ ಕೂಡಲೇ ಇನ್ನೊಬ್ಬಾಕೆಯ ಸರದಿ ಬರುತ್ತಿತ್ತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾವನ್ನು ತೆಗೆದು ‘ವಿಬಿ–ಜಿ ರಾಮ್ ಜಿ’ ಎಂಬ ಚುಟುಕು ಹೆಸರಿನ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಕೆಲಸದ ದಿನ 125ಕ್ಕೆ ಏರಿತು. ಮೊದಲು ಕೌಶಲರಹಿತ ಕೆಲಸದ ಕೂಲಿಯನ್ನು ಪೂರ್ತಿ ಕೇಂದ್ರವೇ ಭರಿಸುತ್ತಿತ್ತು. ಈಗ ಒಟ್ಟು ಖರ್ಚಿನಲ್ಲಿ ಕೇಂದ್ರದ್ದು 60 ಪಾಲು, ಕರ್ನಾಟಕದಂಥ ರಾಜ್ಯಗಳದ್ದು 40 ಪಾಲು. ಪ್ರತಿ ರಾಜ್ಯಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಮೊತ್ತ ಮೀರಿದರೆ ಆ ಹೊರೆ ರಾಜ್ಯದ ಮೇಲೆಯೇ. ಜೊತೆಗೆ ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ, ವರ್ಷದಲ್ಲಿ ಒಟ್ಟು 60 ದಿನ, ಕಾಮಗಾರಿಗಳನ್ನು ನಿಲ್ಲಿಸಿಡಲು ಅವಕಾಶವಿದೆ. ಕೂಲಿಯಾಳುಗಳು ಹೊಲದ ಕೆಲಸಕ್ಕೆ ಸಿಗಲಿ ಎಂಬುದು ಅದರ ಹಿಂದಿನ ಯೋಚನೆ.

ಆರೈಕೆದಾರರ ಕೂಲಿ ಹುಟ್ಟುತ್ತಿದ್ದುದು ಇದೇ ಹಣದ ಮಡಿಕೆಯಿಂದ. ಮಡಿಕೆಯ ಆಕಾರವೇ ಬದಲಾದಾಗ ಅವರ ಸರದಿಯೂ ಅಲುಗಾಡುತ್ತದೆ. ಓದುಗರಿಗೆ ಎರಡು ಬೇರೆ ಬೇರೆ ಸುದ್ದಿಗಳಂತೆ ಕಾಣುವ ಉದ್ಯೋಗ ಕಾಯ್ದೆ ಮತ್ತು ಮಕ್ಕಳ ಸುರಕ್ಷತೆ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿರುವುದು ಹೀಗೆ.

ಕೂಸು ಆಡಿಸುವವರು

ಅಮೆರಿಕದ ರೆಡ್ ಕ್ರಾಸ್ ಸಂಸ್ಥೆ ಮಕ್ಕಳನ್ನು ನೋಡಿಕೊಳ್ಳುವವರಿಗೆಂದು ನಡೆಸುವ ತರಗತಿಗೆ 11 ವರ್ಷ ತುಂಬಿದವರು ಸೇರಬಹುದು. ನೆರೆಮನೆಯ ಮಗುವನ್ನು ಸಂಜೆ ಮೂರು ತಾಸು ನೋಡಿಕೊಂಡು ಕೈಖರ್ಚು ಸಂಪಾದಿಸುವ ಹುಡುಗ ಹುಡುಗಿಯರು ಅಲ್ಲಿ ಸಾಮಾನ್ಯ. ಬೆಂಕಿ ಬಿದ್ದರೆ ಏನು ಮಾಡಬೇಕು, ಉಸಿರು ಕಟ್ಟಿದರೆ ಏನು, ಯಾರಿಗೆ ಫೋನ್ ಮಾಡಬೇಕು ಎಂಬುದು ಅವರಿಗೆ ಪಾಠ.

ನಮ್ಮಲ್ಲೂ ಹನ್ನೊಂದು ವರ್ಷದ ಹುಡುಗಿ ಕೂಸು ಆಡಿಸುತ್ತಾಳೆ. ಆಕೆ ಸಂಬಳದವಳಲ್ಲ, ಕೂಸಿನ ಅಕ್ಕ. ತೊಗರಿ ಕೊಯ್ಲಿಗೆ, ಹತ್ತಿ ಬಿಡಿಸಲು ಅವ್ವ ಹೊರಟ ದಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಗೈರು ಬೀಳುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರನ್ನು ಯಾವುದೇ ದುಡಿಮೆಗೆ ಹಚ್ಚುವುದನ್ನು ನಿಷೇಧಿಸುತ್ತದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗುವುದನ್ನು ಹೊರಗಿಟ್ಟಿದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡವಳನ್ನು ಕಾರ್ಮಿಕಳೆಂದು ಯಾರೂ ಕರೆಯುವುದಿಲ್ಲ. ಹಾಗಾಗಿ ಕಾರ್ಮಿಕ ಇಲಾಖೆಗೆ ಆಕೆ ಕಾಣುವುದಿಲ್ಲ, ಶಿಕ್ಷಣ ಇಲಾಖೆಗೆ ಗೈರಾಗಿ ಮಾತ್ರ ಕಾಣುತ್ತಾಳೆ, ಆರೋಗ್ಯ ಇಲಾಖೆಗೆ ಆಕೆ ಇರುವುದೇ ಗೊತ್ತಿಲ್ಲ.

ಎರಡನೆಯವರು ಅಜ್ಜಿ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದವರ ಮಕ್ಕಳು ತಿಂಗಳುಗಟ್ಟಲೆ ಇರುವುದು ಅಜ್ಜಿಯ ಮಡಿಲಲ್ಲಿ. ಆಕೆಯ ಅನುಭವವನ್ನು ಹಗುರವಾಗಿ ನೋಡುವುದು ಪೇಟೆಯವರ ದಡ್ಡತನ. ಮಗುವಿನ ಅಳು ಹಸಿವಿನದೋ ಹೊಟ್ಟೆನೋವಿನದೋ ಎಂದು ಆಕೆ ಹೇಳುವಷ್ಟು ಖಚಿತವಾಗಿ ಬೇರೆಯವರು ಹೇಳಲಾರರು. ಆದರೆ ಆಕೆ ಮಕ್ಕಳನ್ನು ಸಾಕಿದ ಕಾಲದಲ್ಲಿ ಹಿತ್ತಿಲಿನಲ್ಲಿ ತೊಗರಿಗೆ ಹೊಡೆಯುವ ಕೀಟನಾಶಕದ ಬಾಟಲಿ ಇರಲಿಲ್ಲ, ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇರಲಿಲ್ಲ, ಆಟಿಕೆಯೊಳಗೆ ನಾಣ್ಯದಂಥ ಬ್ಯಾಟರಿ ಇರಲಿಲ್ಲ. ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೆ ಸುಟ್ಟ ಗಾಯ ಮಾಡಬಲ್ಲದು. ಅಪಾಯಗಳು ಹೊಸವು, ಅನುಭವ ಹಳೆಯದು.

ಮೂರನೆಯವರು ಕೂಸಿನ ಮನೆಯ ಆರೈಕೆದಾರರು. ಮೂವರಲ್ಲಿ ತರಬೇತಿ ಸಿಕ್ಕಿರುವುದು ಇವರಿಗೆ ಮಾತ್ರ. ವರ್ಷದ ಬಹುಪಾಲು ದಿನ ಮಗುವಿನ ಜೊತೆ ಇರದವರೂ ಇವರೇ.

ನಿಮಿಷ, ತಾಸು, ದಿನ

ತುರ್ತು ತಯಾರಿ ಎಂದರೆ ಹತ್ತಿ, ಪಟ್ಟಿ, ಮುಲಾಮು ತುಂಬಿದ ಪೆಟ್ಟಿಗೆ ಎಂದು ಭಾವಿಸುವುದೇ ಚರ್ಚೆಯನ್ನು ದಾರಿ ತಪ್ಪಿಸಿದೆ. ಅವಘಡಗಳನ್ನು ಅವು ಕೊಡುವ ಸಮಯದ ಮೇಲೆ ವಿಂಗಡಿಸಿದರೆ ಯಾರಿಗೆ ಏನು ಕಲಿಸಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲನೆಯವು ನಿಮಿಷಗಳ ಅವಘಡಗಳು. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಚಿಂಚೋಳಿಯ ತಾಂಡಾಕ್ಕೋ ಔರಾದ್‌ನ ಹಳ್ಳಿಗೋ 108 ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಅಷ್ಟರೊಳಗೆ ಬರಲಾರದು. ಆ ಹೊತ್ತಿನಲ್ಲಿ ಮಗುವಿನ ಹತ್ತಿರ ಇದ್ದವರೇ ವೈದ್ಯರು, ಅವರು ಹತ್ತು ವರ್ಷದವರಾಗಿರಲಿ, ಎಪ್ಪತ್ತು ವರ್ಷದವರಾಗಿರಲಿ. ಶೇಂಗಾ, ಪುಟಾಣಿ, ಹುಣಸೆ ಬೀಜ ಗಂಟಲಿಗೆ ಅಡ್ಡ ಕೂತ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿ ಹೊರಡದೆ, ಮುಖ ನೀಲಿಯಾಗುತ್ತಿದ್ದರೆ ಮಾತ್ರ ಕೈಹಾಕಬೇಕು. ವರ್ಷದೊಳಗಿನ ಕೂಸಾದರೆ ತಲೆ ಎದೆಗಿಂತ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು; ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಬಾರಿ ಒತ್ತಬೇಕು. ವರ್ಷ ದಾಟಿದ ಮಗುವಿಗೆ ಬೆನ್ನಿನ ಪೆಟ್ಟಿನ ನಂತರ, ಹಿಂದಿನಿಂದ ಅಪ್ಪಿ ಹಿಡಿದು ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೆ ಮೇಲಕ್ಕೆ ಒತ್ತುವುದು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ತಡಕಾಡಿ ತೆಗೆಯಲು ಹೋದರೆ ಅದು ಇನ್ನೂ ಒಳಗೆ ಇಳಿಯುತ್ತದೆ. ಇದಕ್ಕೆ ಪೆಟ್ಟಿಗೆ ಬೇಕಿಲ್ಲ. ಹಾಗೆಂದು ಓದಿ ಕಲಿಯುವ ವಿದ್ಯೆಯೂ ಅಲ್ಲ; ಗೊಂಬೆಯ ಮೇಲೆ ನಾಲ್ಕು ಸಲ ಕೈಯಾಡಿಸಿದರೆ ಮಾತ್ರ ಗಾಬರಿಯಲ್ಲಿ ನೆನಪಿಗೆ ಬರುತ್ತದೆ.

ನೀರಿನ ಅವಘಡವೂ ಇದೇ ಸಾಲಿನದು. ನಲ್ಲಿಯಲ್ಲಿ ದಿನವೂ ನೀರು ಬಾರದ ಊರುಗಳಲ್ಲಿ ಮನೆಮನೆಗೂ ಡ್ರಮ್ಮು, ತೊಟ್ಟಿ ತುಂಬಿ ನಿಂತಿರುತ್ತವೆ. ತೆವಳುವ ಕೂಸಿಗೆ ಅರ್ಧ ಬಕೆಟ್ ನೀರೂ ಸಾಕು, ತಲೆ ಭಾರಕ್ಕೆ ಮುಂದೆ ಬಾಗಿದರೆ ಎದ್ದೇಳಲಾರದು. ಶಹಾಬಾದ್ ಸುತ್ತಲಿನ ಕಲ್ಲುಗಣಿ ಗುಂಡಿಗಳು, ಸುರಪುರ–ಶಹಾಪುರ ಕಡೆಯ ಕಾಲುವೆಗಳು, 2014ರ ನಂತರ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲಹೊಲಗಳಲ್ಲಿ ತೋಡಿದ ಹೊಂಡಗಳು ಓಡಾಡುವ ಮಕ್ಕಳನ್ನು ಸೆಳೆಯುತ್ತವೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಎಷ್ಟು ಜಾರುತ್ತದೆಂದರೆ ಬಿದ್ದವರಿಗೆ ಹಿಡಿತವೇ ಸಿಗುವುದಿಲ್ಲ. ಉದ್ಯೋಗ ಖಾತರಿಯ ದುಡ್ಡಿನಲ್ಲೂ ಇಂಥ ಹೊಂಡಗಳನ್ನು ತೋಡಲಾಗಿದೆ. ಒಂದೇ ಯೋಜನೆ ಹೊಂಡವನ್ನೂ ತೋಡಿತು, ಮಗು ಅದರ ಕಡೆ ಹೋಗದಂತೆ ನೋಡಿಕೊಳ್ಳುವವರಿಗೆ ಕೂಲಿಯನ್ನೂ ಕೊಟ್ಟಿತು. ಎರಡು ಕಡತಗಳೂ ಪರಸ್ಪರ ಮುಖ ನೋಡಿದಂತೆ ಕಾಣುವುದಿಲ್ಲ.

ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗು ಮಾಡಿ ಗಿರಗಿರನೆ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸಲು ನೋಡುವುದು ಹಲವೆಡೆ ರೂಢಿ. ಅದರಿಂದ ಹೋಗುವುದು ನೀರಲ್ಲ, ಸಮಯ. ಮಗು ಉಸಿರಾಡುತ್ತಿಲ್ಲವಾದರೆ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆ ಒತ್ತುವುದನ್ನು ಆ ಕ್ಷಣವೇ ಶುರು ಮಾಡಬೇಕು.

ಎರಡನೆಯವು ತಾಸುಗಳ ಅವಘಡಗಳು. ಇಲ್ಲಿ ಮನೆಯವರು ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ತೊಗರಿ ಕಟ್ಟಿಗೆಯ ರಾಶಿಯಲ್ಲಿ, ಪರಸಿ ಕಲ್ಲಿನ ಸಂದಿಯಲ್ಲಿ ಅಡಗುವ ಚೇಳು ದೊಡ್ಡವರಿಗೆ ಉರಿಯುವ ನೋವು, ಚಿಕ್ಕ ಮಕ್ಕಳಿಗೆ ಜೀವದ ಪ್ರಶ್ನೆ. ಮೈ ಬೆವೆತು, ಕೈಕಾಲು ತಣ್ಣಗಾಗಿ, ವಾಂತಿ ಬಂದರೆ ವಿಷ ಹೃದಯದ ಮೇಲೆ ಕೆಲಸ ಮಾಡುತ್ತಿದೆ ಎಂದರ್ಥ. ನೆರೆಯ ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟ ಮೇಲೆ ಸಾವುಗಳು ಬಹಳ ಇಳಿದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಮಾತ್ರೆ ಇರುವುದು ಆಸ್ಪತ್ರೆಯಲ್ಲಿ. ಮಂತ್ರ ಹಾಕಿಸುವವರ ಮನೆಯಲ್ಲಿ ಕಳೆದ ಎರಡು ತಾಸಿಗೆ ಯಾವ ಮಾತ್ರೆಯೂ ಪರಿಹಾರವಲ್ಲ.

ಹಾವಿನ ಕಡಿತವೂ ಹಾಗೆಯೇ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಕೂಡದು. ಕಡಿತವಾದ ಕೈಕಾಲನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವಾಗಲಿ ಗುರುತಾಗಲಿ ಇರದಿರಬಹುದು. ಬೆಳಗಾಗುವಷ್ಟರಲ್ಲಿ ಹೊಟ್ಟೆನೋವೆನ್ನುವ, ರೆಪ್ಪೆ ಎತ್ತಲಾಗದ ಮಗುವನ್ನು ‘ದೃಷ್ಟಿಯಾಗಿದೆ’ ಎಂದು ಕೂರಿಸಿಕೊಳ್ಳುವ ಅಪಾಯ ಇರುವುದು ಇಲ್ಲಿ. ಮಗು ಚಿಕ್ಕದೆಂದು ವಿಷನಿರೋಧಕ ಚುಚ್ಚುಮದ್ದನ್ನು ಕಡಿಮೆ ಕೊಡುವಂತೆಯೂ ಇಲ್ಲ. ಹಾವು ಚಿಕ್ಕವರಿಗೆ ಕಡಿಮೆ ವಿಷ ಬಿಡುವುದಿಲ್ಲವಲ್ಲ. 2024ರಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇನ್ನು ಯಾವ ತಾಲ್ಲೂಕಿನಲ್ಲಿ ಎಷ್ಟು ಮಂದಿಗೆ ಹಾವು ಕಡಿಯುತ್ತಿದೆ, ಚುಚ್ಚುಮದ್ದು ಎಲ್ಲಿ ಹೆಚ್ಚು ಬೇಕು ಎಂಬುದನ್ನು ಆಸ್ಪತ್ರೆಯ ಲೆಕ್ಕವೇ ಹೇಳಬೇಕು.

ಸೀಮೆಎಣ್ಣೆ, ಕೀಟನಾಶಕ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು; ಸೀಮೆಎಣ್ಣೆ ವಾಪಸ್ ಬರುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನು ಮಾತ್ರ ಜೊತೆಗೆ ಒಯ್ಯಬೇಕು, ಯಾವ ವಿಷವೆಂದು ವೈದ್ಯರಿಗೆ ತಿಳಿಯಲು. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಟೂತ್‌ಪೇಸ್ಟು, ಶಾಯಿ, ಮಂಜುಗಡ್ಡೆ ಬೇಡ. ನೀರಿಗೇ ಬರವಿರುವ ಊರಲ್ಲಿ ಇಪ್ಪತ್ತು ನಿಮಿಷ ಹರಿಯುವ ನೀರು ಎನ್ನುವುದು ಅಣಕದಂತೆ ಕೇಳಬಹುದು. ಕೊಡದಿಂದ ಮೆಲ್ಲಗೆ ಸುರಿದರೂ ನಡೆಯುತ್ತದೆ.

ಮೂರನೆಯವು ದಿನಗಳ ಅವಘಡಗಳು: ಭೇದಿ, ಜ್ವರ, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆ ಎರಡು ತಿಂಗಳು ಈ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ತಗಡಿನ ಮಾಳಿಗೆಯ ಕೆಳಗಿನ ಕೂಸು ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ನೆತ್ತಿ ಒಳಗೆ ಇಳಿದರೆ, ಮಂಕಾದರೆ ಕಾಯುತ್ತ ಕೂರುವ ಕಾಲ ಮುಗಿದಿದೆ. ಭೇದಿಗೆ ಒಆರ್‌ಎಸ್ ಜೊತೆಗೆ 14 ದಿನ ಸತುವಿನ ಮಾತ್ರೆ ಎಂಬುದು ಆಶಾ ಕಾರ್ಯಕರ್ತೆಯರಿಗೆಲ್ಲ ಗೊತ್ತಿರುವ ಪಾಠ. ಜ್ವರಕ್ಕೆ ಫಿಟ್ಸ್ ಬಂದಾಗ ಕೈಗೆ ಕಬ್ಬಿಣದ ಕೀಲಿ ಕೊಡುವುದರಿಂದ ಹಾನಿಯೇನೂ ಇಲ್ಲ, ಉಪಯೋಗವೂ ಇಲ್ಲ. ಹಾನಿಯಾಗುವುದು ಹಲ್ಲಿನ ನಡುವೆ ಚಮಚ ತುರುಕಿದಾಗ. ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಾಸಿನ ಅವಘಡಕ್ಕೆ ಫೋನು, ವಾಹನ, ಯಾವ ಆಸ್ಪತ್ರೆಯಲ್ಲಿ ಔಷಧ ಇದೆ ಎಂಬ ಮಾಹಿತಿ ಬೇಕು. ದಿನದ ಅವಘಡಕ್ಕೆ ಲಕ್ಷಣ ಗುರುತಿಸುವ ಕಣ್ಣು ಬೇಕು. ನಿಮಿಷದ ಅವಘಡಕ್ಕೆ ಮಾತ್ರ ಅಲ್ಲೇ ಇರುವವರ ಕೈಗೆ ಅಭ್ಯಾಸ ಬೇಕು. ಅಕ್ಕನಿಗೂ ಅಜ್ಜಿಗೂ ಸಿಗದೆ ಇರುವುದು ಅದೇ.

ಪೆಟ್ಟಿಗೆಗಿಂತ ಹೊತ್ತು ಮುಖ್ಯ

ತರಬೇತಿಯೊಂದೇ ಸಾಕೇ? ಬಾಂಗ್ಲಾದೇಶದ ಅನುಭವ ಬೇರೆ ದಿಕ್ಕು ತೋರಿಸುತ್ತದೆ. ಕೆರೆಕುಂಟೆಗಳ ಆ ನಾಡಿನಲ್ಲಿ ಚಿಕ್ಕ ಮಕ್ಕಳು ಮುಳುಗಿ ಸಾಯುವುದು ಹೆಚ್ಚಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ, ತಾಯಂದಿರು ಮನೆಗೆಲಸದಲ್ಲಿ ಮುಳುಗಿರುವ ಹೊತ್ತು. ‘ಆಂಚಲ್’ ಎಂಬ ಹಳ್ಳಿಯ ಶಿಶುಪಾಲನಾ ಕೇಂದ್ರಗಳನ್ನು ಅದೇ ನಾಲ್ಕು ತಾಸು ತೆರೆದಿಟ್ಟರು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 80ಕ್ಕಿಂತ ಹೆಚ್ಚು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಮುಳುಗು ಸಾವು ತಡೆಯಲು ಹೇಳುವ ಕ್ರಮಗಳಲ್ಲಿ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳಿಗೆ ನೀರಿನಿಂದ ದೂರ ಇರುವ ಸುರಕ್ಷಿತ ಜಾಗವೂ ಸೇರಿದೆ.

ಅಲ್ಲಿ ಗೆದ್ದದ್ದು ಔಷಧದ ಪೆಟ್ಟಿಗೆಯಲ್ಲ, ಗಡಿಯಾರ. ಅಪಾಯ ಯಾವ ಹೊತ್ತಿಗೋ ಬಾಗಿಲು ಆ ಹೊತ್ತಿಗೆ ತೆರೆದಿತ್ತು. ಇದೇ ಅಳತೆಗೋಲನ್ನು ನಮ್ಮಲ್ಲಿ ಇಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಕೆಲಸ ಮುಗಿಸಲೆಂದು ಕೂಲಿಯವರು ನಸುಕಿನಲ್ಲೇ ಹೊರಡುತ್ತಾರೆ. ಸುಗ್ಗಿಯಲ್ಲಿ ಬುತ್ತಿ ಕಟ್ಟಿಕೊಂಡು ಹೋದ ತಾಯಿ ಮರಳುವುದು ಹೊತ್ತು ಮುಳುಗುವಾಗ. ಕೇಂದ್ರ ತೆರೆಯುವುದಕ್ಕೂ ತಾಯಿ ಹೊರಡುವುದಕ್ಕೂ ನಡುವೆ ಎರಡು ತಾಸು ಬಿಟ್ಟಿದ್ದರೆ, ಆ ಎರಡು ತಾಸಿಗಾಗಿ ಹೇಗೂ ಅಕ್ಕ ಮನೆಯಲ್ಲೇ ಉಳಿಯಬೇಕು. ಒಮ್ಮೆ ಉಳಿದವಳು ಇಡೀ ದಿನ ಉಳಿಯುತ್ತಾಳೆ. ಆಮೇಲೆ ಕೂಸಿನ ಮನೆಗೆ ಮಕ್ಕಳೇ ಬರುವುದಿಲ್ಲ, ಹಾಗಾಗಿ ಅದರ ಅಗತ್ಯವೇ ಇಲ್ಲ ಎಂಬ ತೀರ್ಮಾನಕ್ಕೆ ಅಧಿಕಾರಿಗಳು ಬರುವುದು ಸುಲಭ.

ಯಾರ ವಾದ ಏನು

ಆರೈಕೆದಾರರು ಕಾಯಂ ಆಗಬೇಕು ಎಂಬುದು ಒಂದು ವಾದ. ಕೆಲವು ತಿಂಗಳಿಗೊಮ್ಮೆ ಮುಖ ಬದಲಾದರೆ ಎರಡು ವರ್ಷದ ಮಗು ಯಾರನ್ನು ನಂಬಬೇಕು? ಯಾವ ಮಗುವಿಗೆ ಫಿಟ್ಸ್ ಬರುತ್ತದೆ, ಯಾವುದಕ್ಕೆ ಏನು ಆಗಿಬರುವುದಿಲ್ಲ ಎಂಬುದು ನೋಂದಣಿ ಪುಸ್ತಕದಲ್ಲಿ ಇರುವುದಿಲ್ಲ, ನೋಡಿಕೊಳ್ಳುವವರ ತಲೆಯಲ್ಲಿ ಇರುತ್ತದೆ. ಸರದಿ ಮುಗಿದಾಗ ಅದೂ ಅವರ ಜೊತೆ ಹೊರಟುಹೋಗುತ್ತದೆ.

ಸರದಿಯನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೂಲಿ ಹೆಚ್ಚು ಮನೆಗಳಿಗೆ ಹಂಚಿಕೆಯಾಗುತ್ತದೆ, ಸರ್ಕಾರಕ್ಕೆ ಕಾಯಂ ನೌಕರರ ಹೊರೆ ಬೀಳುವುದಿಲ್ಲ. ಅವರು ಅಷ್ಟಾಗಿ ಎತ್ತದ ಇನ್ನೊಂದು ಲಾಭವೂ ಇದೆ. ಸರದಿ ಮುಗಿಸಿ ಮನೆಗೆ ಮರಳಿದ ಮಹಿಳೆ ತನ್ನ ಓಣಿಗೆ ಒಂದು ವಿದ್ಯೆಯನ್ನು ಒಯ್ಯುತ್ತಾಳೆ. ಹತ್ತು ಓಣಿಗಳಲ್ಲಿ ಉಸಿರು ಕಟ್ಟಿದ ಕೂಸನ್ನು ಉಳಿಸಬಲ್ಲ ಒಬ್ಬೊಬ್ಬಾಕೆ ಇದ್ದರೆ ಅದು ಸಣ್ಣ ಸಾಧನೆಯಲ್ಲ. ಆದರೆ ಅದು ಆಗಬೇಕಾದರೆ ಕಲಿತದ್ದನ್ನು ಆಗಾಗ ನೆನಪಿಸಬೇಕು. ಎದೆ ಒತ್ತುವಂಥ ಅಭ್ಯಾಸ ಕೆಲವೇ ತಿಂಗಳಲ್ಲಿ ಕೈಬಿಟ್ಟುಹೋಗುತ್ತದೆ. ಸರದಿ ಇದ್ದು ಮರುತರಬೇತಿ ಇಲ್ಲದಿದ್ದರೆ ಎರಡೂ ವ್ಯವಸ್ಥೆಗಳ ದೋಷ ಮಾತ್ರ ಉಳಿಯುತ್ತದೆ.

ಎಲ್ಲವನ್ನೂ ಅಂಗನವಾಡಿಗೆ ಸೇರಿಸಿಬಿಡಿ ಎನ್ನುವವರೂ ಇದ್ದಾರೆ. ಕೇಂದ್ರದ ‘ಪಾಲನಾ’ ಯೋಜನೆಯ ದಾರಿ ಇದೇ: ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ, ದಿನಕ್ಕೆ ಏಳೂವರೆ ತಾಸು, ತಿಂಗಳಿಗೆ 26 ದಿನ. ಕಾಗದದ ಮೇಲೆ ಇದು ಹೆಚ್ಚು ಗಟ್ಟಿ. ಆದರೆ ಪೋಷಣೆಯ ಲೆಕ್ಕ, ಸಮೀಕ್ಷೆ, ಮೊಬೈಲಿನಲ್ಲಿ ಫೋಟೊ ಹಾಕುವ ಕೆಲಸಗಳಲ್ಲಿ ಈಗಾಗಲೇ ಬಸವಳಿದ ಕಾರ್ಯಕರ್ತೆಯರ ಹೆಗಲಿಗೆ ಬೇರೆ ಸಿಬ್ಬಂದಿ ಕೊಡದೆ ತೆವಳುವ ಕೂಸುಗಳನ್ನೂ ಹೊರಿಸಿದರೆ ಎಲ್ಲರ ಕಣ್ಣೂ ತಪ್ಪುವುದು ಕೂಸುಗಳೇ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ನೌಕರರು ಬೀದಿಗಿಳಿದದ್ದನ್ನು ಮರೆಯುವಂತಿಲ್ಲ. ದೊಡ್ಡ ಮಕ್ಕಳು ಶಾಲೆಗೆ ಹೋಗುವುದು, ಪುಟ್ಟ ಕೂಸುಗಳು ಅಂಗನವಾಡಿಗೆ ಬರುವುದು ಎಂದು ಹಂಚಿಕೊಂಡರೆ ಆ ಜಗಳಕ್ಕೂ ಒಂದು ದಾರಿ ಸಿಗಬಹುದೇನೋ. ಆ ಮಾತುಕತೆಯನ್ನು ಯಾರೂ ಗಂಭೀರವಾಗಿ ಆರಂಭಿಸಿದಂತಿಲ್ಲ.

ಯಾವ ವಾದದಲ್ಲೂ ಭಾಷೆಯ ಮಾತು ಬರುವುದಿಲ್ಲ. ಈ ಮೂರು ಜಿಲ್ಲೆಗಳ ಮನೆಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು, ಲಂಬಾಣಿ ನಡೆಯುತ್ತವೆ. ತಾಂಡಾದ ಅಜ್ಜಿಗೆ ಗ್ರಂಥಸ್ಥ ಕನ್ನಡದ ಭಿತ್ತಿಪತ್ರ ಗೋಡೆಯ ಅಲಂಕಾರವಷ್ಟೇ.

ಕೇಸಿನ ಭಯ

ಏನಾದರೂ ಹೆಚ್ಚುಕಡಿಮೆಯಾದರೆ ಪೊಲೀಸ್ ಕೇಸು ನಮ್ಮ ಮೇಲೆ ಬೀಳುತ್ತದೆ ಎಂಬ ಹೆದರಿಕೆಯಿಂದ ಮಗುವನ್ನು ಮುಟ್ಟದೆ ನಿಲ್ಲುವವರಿದ್ದಾರೆ. ಕಾನೂನು ಎರಡು ಬೇರೆ ಸಂಗತಿಗಳನ್ನು ಹೇಳುತ್ತದೆ. ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ ಪ್ರಕಾರ, ಹೊಣೆ ಹೊತ್ತವರೇ ಮಗುವನ್ನು ಹಿಂಸಿಸಿದರೆ, ಬೇಕೆಂದೇ ಕಡೆಗಣಿಸಿದರೆ ಮೂರು ವರ್ಷದವರೆಗೆ ಜೈಲು. ಮಕ್ಕಳ ಆರೈಕೆಗೆಂದೇ ಇರುವ ಸಂಸ್ಥೆಯವರಾದರೆ ಐದು ವರ್ಷದವರೆಗೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ. ಅದೇ ಸಂಹಿತೆಯ 27ನೇ ಸೆಕ್ಷನ್, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಅಥವಾ ಮಗುವಿನ ಕಾನೂನುಬದ್ಧ ಹೊಣೆ ಹೊತ್ತವರು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಒಪ್ಪಿಗೆ ಕೇಳಲು ಸಮಯವೇ ಇಲ್ಲದ ಸನ್ನಿವೇಶಕ್ಕೆ 30ನೇ ಸೆಕ್ಷನ್ ಇದೆ. ಉಸಿರು ಕಟ್ಟಿದ ಕೂಸಿನ ಬೆನ್ನಿಗೆ ಬಡಿದವರು ಇವುಗಳ ನೆರಳಲ್ಲಿರುತ್ತಾರೆ. ಕೂಸನ್ನು ಒಳಗೆ ಬಿಟ್ಟು ಚಿಲಕ ಹಾಕಿಕೊಂಡು ಸಂತೆಗೆ ಹೋದವರಿಗೆ ಈ ನೆರಳು ಸಿಗುವುದಿಲ್ಲ.

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಮಾತ್ರ ಸುಮ್ಮನಿರುವುದೇ ಅಪರಾಧ. ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098ನ್ನು 2023ರಲ್ಲಿ ಸರ್ಕಾರವೇ ವಹಿಸಿಕೊಂಡು 112ಕ್ಕೆ ಜೋಡಿಸಲು ಆರಂಭಿಸಿತು. ಆಂಬುಲೆನ್ಸ್‌ಗೆ 108. ಮೂರು ಸಂಖ್ಯೆಗಳನ್ನೂ ಗೋಡೆಯ ಮೇಲೆ ಬರೆದಿಟ್ಟರೂ, ಮನೆಯ ಒಂದೇ ಮೊಬೈಲನ್ನು ಹೊರಗೆ ಹೋದವರು ಒಯ್ದಿದ್ದರೆ ಅಜ್ಜಿ ಯಾವುದರಿಂದ ಕರೆ ಮಾಡಬೇಕು?

ಕಲಬುರಗಿ, ಬೀದರ್ ನಗರಗಳ ಮಾತು ಸ್ವಲ್ಪ ಬೇರೆ. ಇಲ್ಲಿ ನೌಕರಿಯಲ್ಲಿರುವ ದಂಪತಿಗಳ ಕೂಸನ್ನು ಕೆಲಸದಾಕೆ ನೋಡಿಕೊಳ್ಳುತ್ತಾಳೆ. ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಕರ್ನಾಟಕ 2004ರಷ್ಟು ಹಿಂದೆಯೇ ಗೊತ್ತುಮಾಡಿದೆ, ಆದರೆ ಕೂಸು ನೋಡಿಕೊಳ್ಳುವವರಿಗೆ ಏನು ಗೊತ್ತಿರಬೇಕೆಂದು ಎಲ್ಲೂ ಹೇಳಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಈ ಜಿಲ್ಲೆಗಳ ದುಡಿಯುವ ಹೆಂಗಸರಲ್ಲಿ ಬಹುಪಾಲು ಮಂದಿ ಅಂಥ ಸಂಸ್ಥೆಗಳ ಹೊಸ್ತಿಲನ್ನೇ ತುಳಿಯದವರು.

ಮುಂದೆ ಏನಾಗಬಹುದು

ಹೊಸ ಕಾಯ್ದೆಯಡಿ ರಾಜ್ಯಗಳು ತಮ್ಮ ಯೋಜನೆ ರೂಪಿಸುವಾಗ ಆರೈಕೆದಾರರ ಕೂಲಿ ಎಲ್ಲಿಂದ ಬರುತ್ತದೆ ಎಂದು ಬರೆದಿಡಬೇಕು. ರಾಜ್ಯದ ಪಾಲು 40ಕ್ಕೆ ಏರಿ, ಮೇಲಿನ ಮಿತಿಯೂ ಇರುವಾಗ ಪಂಚಾಯಿತಿಗಳು ಮೊದಲು ಕೈಬಿಡುವುದು ಅಳತೆ ಪುಸ್ತಕದಲ್ಲಿ ಕಾಣದ ಕೆಲಸಗಳನ್ನು. ರಸ್ತೆ, ಕಾಲುವೆಯನ್ನು ಮೀಟರಿನಲ್ಲಿ ತೋರಿಸಬಹುದು. ಅವಘಡವಿಲ್ಲದೆ ಕಳೆದ ದಿನವನ್ನು ಯಾವ ಫೋಟೊದಲ್ಲಿ ತೋರಿಸುವುದು?

ರಾಜ್ಯ ಸರ್ಕಾರ ಈ ಕೂಲಿಯನ್ನು ಉದ್ಯೋಗ ಯೋಜನೆಯಿಂದ ಬಿಡಿಸಿ ತನ್ನದೇ ಖರ್ಚಿಗೆ ತೆಗೆದುಕೊಂಡರೆ ಸರದಿಯ ಕಟ್ಟೂ ಸಡಿಲವಾಗುತ್ತದೆ. 371ಜೆ ವಿಧಿಯಡಿ ವಿಶೇಷ ಅನುದಾನ ಪಡೆಯುವ ಈ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಹಣ ಹೊಂದಿಸುವ ದಾರಿಯೂ ಇದೆ. ಶಾಲೆಗಳಿಗೆ ಮಂಡಳಿ ದುಡ್ಡು ಕೊಟ್ಟ ಮೇಲ್ಪಂಕ್ತಿ ಇರುವಾಗ ಶಾಲೆಗಿಂತ ಮೊದಲಿನ ಮೂರು ವರ್ಷಕ್ಕೆ ಕೊಡಲು ಅಡ್ಡಿಯೇನೆಂದು ಕೇಳಬಹುದು. ಪ್ರೌಢಶಾಲೆಯ ಮಕ್ಕಳಿಗೆ ವರ್ಷಕ್ಕೆರಡು ಬಾರಿ, ಗೊಂಬೆ ಇಟ್ಟು, ಉಸಿರು ಕಟ್ಟಿದ ಕೂಸಿನ ಪಾಠ ಮಾಡಿಸುವುದು ಇನ್ನೂ ಅಗ್ಗದ ಕೆಲಸ. ಕೂಸು ಆಡಿಸುವ ಹೊಣೆಯನ್ನು ಹುಡುಗಿಯ ತಲೆಗೆ ಕಟ್ಟಿದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ತಥ್ಯವೂ ಇದೆ. ಹುಡುಗರನ್ನೂ ಅದೇ ತರಗತಿಯಲ್ಲಿ ಕೂರಿಸಿದರೆ ಆಕ್ಷೇಪದ ಅರ್ಧ ಮುಗಿಯುತ್ತದೆ. ಉಳಿದರ್ಧ ಮುಗಿಯುವುದು ಕೂಸಿನ ಮನೆ ನಸುಕಿನಲ್ಲಿ ತೆರೆದ ದಿನ.

ಎಲ್ಲಕ್ಕಿಂತ ಬೇಗ ಪರೀಕ್ಷೆಗೆ ಬರುವುದು ಆ 60 ದಿನಗಳ ಬಿಡುವು. ಕಾಮಗಾರಿ ನಿಂತಾಗ ಕೂಲಿ ಪಟ್ಟಿಯೂ ನಿಲ್ಲುತ್ತದೆ. ಆರೈಕೆದಾರರ ಕೂಲಿಗೆ ಬೇರೆ ಏರ್ಪಾಡಾಗದಿದ್ದರೆ ಕೂಸಿನ ಮನೆಯ ಬಾಗಿಲೂ ಮುಚ್ಚುತ್ತದೆ. ಈ ಭಾಗದಲ್ಲಿ ಸುಗ್ಗಿ ಎಂದರೆ ತೊಗರಿಯ ಸುಗ್ಗಿ, ಡಿಸೆಂಬರ್–ಜನವರಿ. ಊರಿನ ಹೆಂಗಸರೆಲ್ಲ ಹೊಲದಲ್ಲಿರುವ, ತೊಗರಿ ಕಟ್ಟಿಗೆ ಹಿತ್ತಿಲಿಗೆ ಬಂದು ಬೀಳುವ, ಕೂಸು ನೋಡಿಕೊಳ್ಳಲು ಮನೆಯಲ್ಲಿ ದೊಡ್ಡವರು ಯಾರೂ ಸಿಗದ ತಿಂಗಳುಗಳು ಅವೇ.